ಗೃಹಲಕ್ಷ್ಮಿ ಹಣ ಜಮಾ ಆಗಿದೆ ಅಂತಾರೆ, ಪಾಸ್‌ಬುಕ್‌ನಲ್ಲಿ ಇಲ್ಲ. ಎಲ್ಲಿ ಹುಡುಕಲಿ?

ಹೊಲಿಗೆಮನೆ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಮನೆಯ ಅಕ್ಕನಿಗಾಗಿ ಕೇಳುತ್ತಿದ್ದೇನೆ. ಅವರು ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡುತ್ತಾರೆ. ಗಂಡ ತೀರಿಹೋಗಿ ಒಂದೂವರೆ ವರ್ಷ ಆಯಿತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರೇ. ಗೃಹಲಕ್ಷ್ಮಿಯ 2,000 ರೂಪಾಯಿ ಮೊದಲೆಲ್ಲ ಬರುತ್ತಿತ್ತು. ಯುಗಾದಿ ಆದಮೇಲೆ ಒಂದು ಕಂತೂ ಬಂದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ "ಆಧಾರ್ ಲಿಂಕ್ ಇದೆ, ನಮ್ಮ ಕಡೆ ಏನೂ ತೊಂದರೆ ಇಲ್ಲ" ಅಂದರು. ಅಂಗನವಾಡಿ ಟೀಚರ್ "ಜಮಾ ಆಗಿದೆ ಅಂತ ತೋರಿಸುತ್ತಿದೆ" ಅಂದರು. ಒಬ್ಬರು 500 ರೂಪಾಯಿ ಕೊಟ್ಟರೆ ಸರಿ ಮಾಡಿಸುತ್ತೇನೆ ಅಂದಿದ್ದಾರೆ. ಅದು ಅಕ್ಕನ ಎರಡು ದಿನದ ದುಡಿಮೆ. ಕೊಡಬೇಡಿ ಅಂತ ನಾನೇ ತಡೆದಿದ್ದೇನೆ. ಈಗ ದಾರಿ ಹುಡುಕುವ ಹೊಣೆ ನನ್ನದೇ ಅಲ್ವಾ?

ಬ್ಯಾಂಕ್‌ಮಿತ್ರ_ಹರಿಹರ:
ತಡೆದಿದ್ದು ಒಳ್ಳೇದಾಯ್ತು, ಯಾರಿಗೂ ದುಡ್ಡು ಕೊಡಬೇಡಿ.

ಆಧಾರ್ ಲಿಂಕ್ ಬೇರೆ, ಸೀಡಿಂಗ್ (ಸರ್ಕಾರದ ಹಣ ಯಾವ ಬ್ಯಾಂಕಿಗೆ ಬರಬೇಕು ಅಂತ ಆಧಾರ್ ಜೋಡಿಸುವುದು) ಬೇರೆ. ಒಬ್ಬರ ಆಧಾರ್ ನಾಲ್ಕು ಬ್ಯಾಂಕಿನಲ್ಲಿ ಲಿಂಕ್ ಇರಬಹುದು. ಆದರೆ ಸರ್ಕಾರದ ಹಣ ಬರುವುದಕ್ಕೆ ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ವ್ಯವಸ್ಥೆ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ಒಂದೇ ಬ್ಯಾಂಕ್ ಇರುತ್ತದೆ. ಕೊನೆಗೆ ಯಾವುದಕ್ಕೆ ಸೀಡಿಂಗ್ ಆಗಿದೆಯೋ ಅಲ್ಲಿಗೇ ಹಣ ಹೋಗುತ್ತದೆ. ಯುಗಾದಿ ಹೊತ್ತಿಗೆ ಅಕ್ಕ ಎಲ್ಲಾದರೂ ಹೊಸ ಖಾತೆಗೆ ಹೆಬ್ಬೆಟ್ಟು ಕೊಟ್ಟಿದ್ದರಾ? ಮೊಬೈಲ್ ಅಂಗಡಿ, ಸಂಘದ ಸಾಲ, ಬೀದಿಗೆ ಬಂದು ಖಾತೆ ಮಾಡಿಕೊಟ್ಟವರು, ಎಲ್ಲ ನೆನಪು ಮಾಡಿಸಿ ಕೇಳಿ.

ನಿಮ್ಮ ಫೋನಿನಲ್ಲಿ 'ಡಿಬಿಟಿ ಕರ್ನಾಟಕ' ಆ್ಯಪ್ ಹಾಕಿ. ಡಿಬಿಟಿ ಅಂದರೆ ಸರ್ಕಾರದ ಹಣ ನೇರ ಖಾತೆಗೆ ಬರುವುದು. ಆಧಾರ್‌ಗೆ ಕೊಟ್ಟಿರುವ ಮೊಬೈಲಿಗೆ ಓಟಿಪಿ ಬರುತ್ತದೆ, ಅಕ್ಕನನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಯಾವ ತಾರೀಖು, ಯಾವ ಬ್ಯಾಂಕಿಗೆ ಹೋಗಿದೆ ಅಂತ ಅದರಲ್ಲೇ ಕಾಣುತ್ತದೆ.

ಮಲೆನಾಡ_ಮಗಳು:
ನಮ್ಮ ಅತ್ತೆಗೂ ಹೀಗೇ ಆಗಿತ್ತು. ಹಣ ಎಲ್ಲಿಗೂ ಹೋಗಿರಲಿಲ್ಲ, ಮರೆತೇಹೋಗಿದ್ದ ಖಾತೆಯಲ್ಲಿ ಕೂತಿತ್ತು. ಅಂದಹಾಗೆ, ಆ ಅಕ್ಕನಿಗೆ ವಿಧವಾ ವೇತನ ಬರುತ್ತಿದೆಯಾ? ತಿಂಗಳಿಗೆ 800 ರೂಪಾಯಿ. ಗೃಹಲಕ್ಷ್ಮಿ ಬರುತ್ತಿದ್ದರೂ ಇದನ್ನು ಪಡೆಯಬಹುದು. ಅರ್ಜಿ ನಾಡಕಚೇರಿಯಲ್ಲಿ. ಗಂಡನ ಮರಣ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ ತೆಗೆದುಕೊಂಡು ಹೋಗಿ. ಎಷ್ಟೋ ಜನಕ್ಕೆ ಇದನ್ನು ಯಾರೂ ಹೇಳಿಯೇ ಇರುವುದಿಲ್ಲ. ನನಗೆ ಅದೇ ಸಂಕಟ.

ಹೊಲಿಗೆಮನೆ_ದಾವಣಗೆರೆ:
ಸಿಕ್ಕಿತು! ಯುಗಾದಿ ಹಿಂದಿನ ವಾರ ಬೀದಿಗೆ ಬಂದಿದ್ದ ಹುಡುಗನೊಬ್ಬ ಸೊನ್ನೆ ಬ್ಯಾಲೆನ್ಸ್ ಖಾತೆ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದನಂತೆ. ಆ್ಯಪ್‌ನಲ್ಲಿ ಏಳು ಕಂತೂ ಆ ಬ್ಯಾಂಕಿನ ಹೆಸರಲ್ಲೇ ಇವೆ. 14,000 ರೂಪಾಯಿ! ಅಕ್ಕ ಮೂರು ಸಲ "ನಂದೇನಾ?" ಅಂತ ಕೇಳಿದರು. ತೆಗೆಯೋಣ ಅಂತ ಹೋದರೆ ಯಂತ್ರ ಹೆಬ್ಬೆಟ್ಟು ಹಿಡಿಯುತ್ತಿಲ್ಲ. ಭಟ್ಟಿ ಕೆಲಸಕ್ಕೆ ಬೆರಳ ಗೆರೆಗಳೇ ಸವೆದಿವೆ.

ಬ್ಯಾಂಕ್‌ಮಿತ್ರ_ಹರಿಹರ:
ಹೆಬ್ಬೆಟ್ಟೇ ಆಗಬೇಕು ಅಂತಿಲ್ಲ, ಹತ್ತರಲ್ಲಿ ಯಾವ ಬೆರಳಾದರೂ ನಡೆಯುತ್ತದೆ. ಉಂಗುರದ ಬೆರಳು ಅಷ್ಟಾಗಿ ಸವೆದಿರುವುದಿಲ್ಲ, ಕೈ ತೊಳೆದು ಒರೆಸಿ ಅದನ್ನು ಇಡಿ. ಒಂದು ಸಲಕ್ಕೆ 10,000 ತನಕ ಮಾತ್ರ, ಹಾಗಾಗಿ ಎರಡು ಸಲ ತೆಗೆಯಬೇಕು. ಪ್ರತಿ ಸಲ ರಸೀದಿ ತಗೊಳ್ಳಿ, ಅದರಲ್ಲಿರುವ ಮೊತ್ತವನ್ನು ನೀವೇ ಓದಿ ಅಕ್ಕನಿಗೆ ಹೇಳಿ. ಆಮೇಲೆ ಹಳೇ ಬ್ಯಾಂಕಿಗೆ ಹೋಗಿ ಸೀಡಿಂಗ್ ಫಾರಂ ಕೊಡಿ. ಈಗ ಯಾವ ಬ್ಯಾಂಕಿಗೆ ಹೋಗುತ್ತಿದೆ ಅಂತ ಅದರಲ್ಲಿ ಬರೆಯಿರಿ. "ಲಿಂಕ್ ಇದೆ" ಅಂತ ಮತ್ತೆ ವಾಪಸ್ ಕಳಿಸಿದರೆ "ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ" ಅಂತ ಇದೇ ಮಾತಲ್ಲಿ ಕೇಳಿ.

ಹೊಲಿಗೆಮನೆ_ದಾವಣಗೆರೆ:
ಉಂಗುರದ ಬೆರಳಿಗೆ ಬಂತು. ಫಾರಂ ಕೊಟ್ಟು ಸ್ವೀಕೃತಿಗೆ ಸೀಲ್ ಹಾಕಿಸಿಕೊಂಡೆವು. ಸೋಮವಾರ ಅಂಗಡಿ ಅರ್ಧ ದಿನ ಮುಚ್ಚಿ, ವಿಧವಾ ವೇತನಕ್ಕೆ ಅಕ್ಕನ ಜೊತೆ ನಾಡಕಚೇರಿಗೆ ಹೋಗುತ್ತಿದ್ದೇನೆ.