ಸೋಮವಾರದ ಟೆಸ್ಟಿಗೆ ಶನಿವಾರದ ಸಂವಿಧಾನ

"ಅಲ್ಲಮ್ಮ, ಇಷ್ಟು ದೊಡ್ಡ ದೇಶದ ಅಧ್ಯಕ್ಷ, ಖಜಾನೆಯಿಂದ ಒಂದು ರೂಪಾಯಿ ತೆಗೆಯೋಕೂ ಅಪ್ಪಣೆ ಕೇಳಬೇಕಾ?"

"ಡಾಲರ್, ದೊಡ್ಡಪ್ಪ" ಅಂದಳು ಮೇಘನಾ, ಪುಸ್ತಕದಿಂದ ತಲೆ ಎತ್ತದೆ.

ಅಮೆರಿಕದ ಎಡಿಸನ್ ಊರಲ್ಲಿ ಗುರುವಿನ ಮನೆ. ಹೈಸ್ಕೂಲಿನ ಮಗಳಿಗೆ ಸೋಮವಾರ ಅಮೆರಿಕನ್ ಗವರ್ನಮೆಂಟ್ ಟೆಸ್ಟು. ಅವಳು ಓದಲಿ ಅಂತ ದೊಡ್ಡವರು ಸುಮ್ಮನಿರಬೇಕಾದ ಹೊತ್ತಿಗೆ ನಾನೂ ವೆಂಕಿಯೂ ಅವಲಕ್ಕಿ ತಟ್ಟೆ ಹಿಡಿದು ಪಕ್ಕದಲ್ಲೇ ಕೂತಿದ್ದೆವು. ಜೊತೆಗೆ ಮೈಸೂರಿಂದ ಬಂದಿದ್ದ ಗುರುವಿನ ಅಣ್ಣ ಸೀತಾರಾಮಣ್ಣ, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಪ್ರಪಂಚದಲ್ಲಿ ಏನೇ ನಡೆದರೂ ಅದರ ಕಡತ ಯಾರ ಮೇಜಿನ ಮೇಲಿದೆ ಅನ್ನೋದೇ ಅವರ ಮೊದಲ ಪ್ರಶ್ನೆ.

"ಖಜಾನೆ ಬೀಗದಕೈ ಕಾಂಗ್ರೆಸ್ ಹತ್ರ, ಅಂದ್ರೆ ಇಲ್ಲಿನ ಸಂಸತ್ತಿನ ಹತ್ರ" ಅಂದ ವೆಂಕಿ. "ಅದು ಕಾನೂನು ಮಾಡಿ ಕೊಟ್ರೇನೇ ಖರ್ಚು. ಇಲ್ಲಾಂದ್ರೆ ಶಟ್‌ಡೌನ್, ಎಷ್ಟೋ ಸರ್ಕಾರಿ ಕಚೇರಿಗಳಿಗೆ ಬೀಗ. 2018ರ ಡಿಸೆಂಬರಲ್ಲಿ ಶುರುವಾಗಿದ್ದು 35 ದಿನ ನಡೀತು. 2025ರಲ್ಲಿ 43 ದಿನ."

"ಅಯ್ಯೋ, ನಮ್ಮಲ್ಲಿ ಬಜೆಟ್ ಸೋತ್ರೆ ಸರ್ಕಾರಾನೇ ಬಿದ್ದೋಗುತ್ತಲ್ಲಪ್ಪ!"

"ಇಲ್ಲಿ ಬೀಳಲ್ಲ ದೊಡ್ಡಪ್ಪ. ಪ್ರೆಸಿಡೆಂಟ್‌ಗೆ ನಾಲ್ಕು ವರ್ಷ ಅಂದ್ರೆ ನಾಲ್ಕು ವರ್ಷ."

"ಹಂಗಾದ್ರೆ ನಮ್ಮಲ್ಲಿ ಸರ್ಕಾರ ಬೀಳುತ್ತೆ, ನಿಮ್ಮಲ್ಲಿ ಬೀಗ ಬೀಳುತ್ತೆ. ಸರಿ, ಸಂಬಳ?"

"ಬೀಗ ತೆಗೆದ ಮೇಲೆ ಬಾಕಿ ಕೊಡ್ಬೇಕು ಅಂತ 2019ರಲ್ಲಿ ಕಾನೂನೇ ಮಾಡಿದ್ರು."

"ಕೆಲಸ ಇಲ್ಲ, ಸಂಬಳ ಉಂಟು! ಲೋ ಗುರು, ನಾನು ಸರ್ವಿಸಲ್ಲಿದ್ದಾಗ ಇದನ್ನ ಯಾಕೋ ಹೇಳಲಿಲ್ಲ?"

ಏರ್‌ಪೋರ್ಟಲ್ಲಿ ಬ್ಯಾಗು ತಪಾಸಣೆ ಮಾಡೋರಂಥವರು ಅಷ್ಟೂ ದಿನ ಕೈಗೆ ಕಾಸು ಬಾರದೆ ಡ್ಯೂಟಿಗೆ ಬರಬೇಕು ಅಂತ ತಿಳಿದ ಮೇಲೆ ಅವರ ಉತ್ಸಾಹ ಇಳಿಯಿತು.

ನಾನೂ ಬಾಯಿ ಹಾಕಿದೆ. "ಇನ್ನೊಂದು ಕೇಳಿ. ಇಲ್ಲಿ ಕಾಂಗ್ರೆಸ್ ಸದಸ್ಯರು ಮಂತ್ರಿ ಆಗೋ ಹಾಗಿಲ್ಲ. ಆಗಬೇಕಂದ್ರೆ ಸದಸ್ಯತ್ವಕ್ಕೆ ರಾಜೀನಾಮೆ ಕೊಡ್ಬೇಕು."

"ಮಂತ್ರಿಗಿರಿ ಇಲ್ಲ ಅಂದ್ರೆ ಗೆದ್ದು ಏನ್ರೀ ಮಾಡ್ತಾರೆ? ಹೋಗ್ಲಿ, ಹತ್ತಿಪ್ಪತ್ತು ಜನಾನ ರೆಸಾರ್ಟಿಗೆ ಕರ್ಕೊಂಡು ಹೋದ್ರೆ?"

"ರೆಸಾರ್ಟ್ ಬಿಲ್ ಬರುತ್ತೆ ಅಷ್ಟೆ" ಅಂದ ಗುರು. "ಅಧ್ಯಕ್ಷನ್ನ ಇಳಿಸೋಕೆ ಕೆಳಮನೆ ಆರೋಪ ಹೊರಿಸ್ಬೇಕು. ಆಮೇಲೆ ಸೆನೆಟ್‌ನಲ್ಲಿ, ಅಂದ್ರೆ ಮೇಲ್ಮನೆಯಲ್ಲಿ, ಮೂರನೇ ಎರಡು ಭಾಗ ಓಟು ಬೀಳ್ಬೇಕು, ಎಲ್ಲರೂ ಹಾಜರಿದ್ರೆ 100ರಲ್ಲಿ 67. ಆಂಡ್ರೂ ಜಾನ್ಸನ್, ಕ್ಲಿಂಟನ್ ಮೇಲೆ ಒಂದೊಂದು ಸಲ, ಟ್ರಂಪ್ ಮೇಲೆ ಎರಡು ಸಲ ಹೊರಿಸಿದ್ರು. ಸೆನೆಟ್ ಒಬ್ಬರನ್ನೂ ಇಳಿಸಲಿಲ್ಲ."

"67 ಜನಕ್ಕೆ ರೂಮ್ ಸಿಗೋ ರೆಸಾರ್ಟ್ ಬಿಡದಿ ಕಡೆ ಇರುತ್ತೆ" ಅಂದರು ಸೀತಾರಾಮಣ್ಣ, ಪಟ್ಟು ಬಿಡದೆ.

ಮೇಘನಾ ಪುಟ ತಿರುಗಿಸಿದಳು. ವೀಟೋ. ಮಸೂದೆ ಬಂದ ಮೇಲೆ ಅಧ್ಯಕ್ಷರಿಗೆ ಭಾನುವಾರ ಬಿಟ್ಟು ಹತ್ತು ದಿನ ಗಡುವು. ಒಪ್ಪಿಗೆಯಾದರೆ ಸಹಿ, ಇಲ್ಲದಿದ್ದರೆ ಆಕ್ಷೇಪಣೆ ಬರೆದು ವಾಪಸ್. ಎರಡೂ ಮನೆಗಳಲ್ಲಿ ಮೂರನೇ ಎರಡು ಭಾಗ ಕೂಡಿದರೆ ಆ ಆಕ್ಷೇಪಣೆಗೂ ಕಿಮ್ಮತ್ತಿಲ್ಲ. "ಏನೂ ಮಾಡದೆ ಇಟ್ಕೊಂಡು ಕೂತಾಗ, ಅಷ್ಟರಲ್ಲಿ ಕಾಂಗ್ರೆಸ್ ಅಧಿವೇಶನ ಮುಗಿಸಿ ಮನೆಗೆ ಹೋಯ್ತು ಅನ್ನಿ, ಬಿಲ್ ಸತ್ತೋಯ್ತು. ಪಾಕೆಟ್ ವೀಟೋ."

ಸೀತಾರಾಮಣ್ಣನ ಮುಖ ಅರಳಿತು. "ಇದು ನಮಗೆ ಗೊತ್ತಿರೋ ವಿದ್ಯೆ ಕಣಮ್ಮ. 'ಪರಿಶೀಲನೆಯಲ್ಲಿದೆ' ಅಂತೀವಿ."

"ಆದ್ರೆ ಕಾಂಗ್ರೆಸ್ ನಡೀತಾನೇ ಇದ್ರೆ, ಹತ್ತು ದಿನ ಆದ್ಮೇಲೆ ಸಹಿ ಇಲ್ದೇನೂ ಕಾನೂನಾಗುತ್ತೆ."

"ಸಹಿ ಇಲ್ದೆ! ಆಡಿಟ್‌ನೋರು ಸುಮ್ನಿರ್ತಾರಾ?"

ಕಾಂಗ್ರೆಸ್, ಅಧ್ಯಕ್ಷ, ಕೋರ್ಟು ಒಬ್ಬರನ್ನೊಬ್ಬರು ತಡೆಯುವುದು ಹೇಗೆ ಅಂತ ಪುಸ್ತಕ ಮೂರು ಚೌಕ, ಆರು ಬಾಣ ಬರೆದು ತಿಣುಕುವ ವಿಷಯ ಶಿರಸ್ತೇದಾರರಿಗೆ ಅವಲಕ್ಕಿ ತಣ್ಣಗಾಗುವುದರೊಳಗೆ ಅರ್ಥವಾಗಿತ್ತು. "ಒಟ್ಟಿನಲ್ಲಿ ಇವರು ಯಾರನ್ನೂ ನಂಬಲ್ಲ, ಅಲ್ವಾ?" ಅಂದರು. ಹೌದಂತೆ. ಬ್ರಿಟನ್ ದೊರೆಯ ಕೈಲಿ ಸಾಕುಬೇಕಾಗಿ ಬಂದವರು 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಬರೆದದ್ದು ಈ ಸಂವಿಧಾನ. ಮನುಷ್ಯರು ದೇವತೆಗಳಾಗಿದ್ದರೆ ಸರ್ಕಾರವೇ ಬೇಕಿರಲಿಲ್ಲ ಅಂತ ಬರೆದವರಲ್ಲೊಬ್ಬನಾದ ಮ್ಯಾಡಿಸನ್ ಮರುವರ್ಷ ವಾದ ಹೂಡಿದ್ದ.

"ಅದಕ್ಕೇ ನಮ್ಮಲ್ಲಿ ಒಂದು ಕಡತಕ್ಕೆ ಐದು ಸಹಿ" ಅಂದರು ಸೀತಾರಾಮಣ್ಣ.

ಅವರನ್ನು ನಿಜವಾಗಿ ಅಲ್ಲಾಡಿಸಿದ್ದು 27ನೇ ತಿದ್ದುಪಡಿ. ಕಾಂಗ್ರೆಸ್ ಸದಸ್ಯರು ತಮ್ಮ ಸಂಬಳ ತಾವೇ ಏರಿಸಿಕೊಂಡರೆ, ಮಧ್ಯೆ ಒಂದು ಚುನಾವಣೆ ಆಗುವವರೆಗೆ ಅದು ಕೈಗೆ ಸಿಗಬಾರದು. ಇದನ್ನೂ ಮ್ಯಾಡಿಸನ್ನೇ ಮಂಡಿಸಿದ್ದು, 1789ರಲ್ಲಿ. ಒಪ್ಪಬೇಕಾದಷ್ಟು ರಾಜ್ಯಗಳು ಆಗ ಒಪ್ಪಲಿಲ್ಲ, ಆದರೆ ಇಷ್ಟರೊಳಗೆ ಒಪ್ಪಬೇಕು ಅಂತ ಗಡುವನ್ನೂ ಯಾರೂ ಹಾಕಿರಲಿಲ್ಲ. 1982ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಗ್ರೆಗರಿ ವಾಟ್ಸನ್, ಇದಕ್ಕೆ ಇನ್ನೂ ಜೀವ ಇದೆ ಅಂತ ಪ್ರಬಂಧ ಬರೆದ. ಸಿಕ್ಕಿದ್ದು ಸಿ ಗ್ರೇಡು. ಹುಡುಗನಿಗೆ ಹಠ ಬಂತು. ರಾಜ್ಯಗಳ ಶಾಸಕರಿಗೆ ಕಾಗದದ ಮೇಲೆ ಕಾಗದ ಬರೆದ. ಒಂದೊಂದೇ ರಾಜ್ಯ ಒಪ್ಪುತ್ತಾ ಬಂತು, 1992ರಲ್ಲಿ ತಿದ್ದುಪಡಿ ಸಂವಿಧಾನ ಸೇರಿತು.

"202 ವರ್ಷ ಚಿಲ್ಲರೆ ಬಾಕಿ ಇದ್ದ ಕಡತ..." ಸೀತಾರಾಮಣ್ಣ ತಟ್ಟೆ ಕೆಳಗಿಟ್ಟರು. "ವಿಲೇವಾರಿ ಆಯ್ತಾ! ಅಷ್ಟು ವರ್ಷ ಗೆದ್ದಲು ಹಿಡೀಲಿಲ್ವಾ? ಆ ಹುಡುಗನ ಗ್ರೇಡು ಏನಾಯ್ತು?"

"2017ರಲ್ಲಿ ಎ ಮಾಡಿದ್ರು."

"35 ವರ್ಷ. ಮಾರ್ಕ್ಸ್ ಕಾರ್ಡ್ ತಿದ್ದುಪಡಿಗೆ ಅದೇನೂ ಜಾಸ್ತಿ ಅಲ್ಲ ಬಿಡು."

"ಅಪ್ಪಾ, ನಂಗೆ ಸಿ ಬಂದ್ರೂ ನೀನು ಹಿಂಗೇ ತಿಳ್ಕೊಬೇಕು" ಅಂದಳು ಮೇಘನಾ. ಗುರು ತಕ್ಷಣ ಪಾಕೆಟ್ ವೀಟೋ ಹಾಕಿದ.

"ಉಪಾಧ್ಯಕ್ಷರಿಗೆ ಏನಮ್ಮ ಕೆಲಸ?"

"ಸೆನೆಟ್‌ನಲ್ಲಿ ಓಟು ಸಮಸಮ ಬಂದ್ರೆ ಒಂದು ಓಟು ಹಾಕೋದು. ಇಲ್ಲಾಂದ್ರೆ ಓಟೇ ಇಲ್ಲ. ಅಧ್ಯಕ್ಷರಿಗೆ ಏನಾದ್ರೂ ಆದ್ರೆ ಆ ಜಾಗಕ್ಕೆ ಬರೋದು. ಕಮಲಾ ಹ್ಯಾರಿಸ್ ನಾಲ್ಕು ವರ್ಷದಲ್ಲಿ 33 ಸಲ ಓಟು ಹಾಕಿದ್ರು. ಅದೇ ರೆಕಾರ್ಡು."

"ನಾಲ್ಕು ವರ್ಷಕ್ಕೆ 33! ನಾನು ಊಟಕ್ಕೆ ಏಳೋದ್ರೊಳಗೆ ಅಷ್ಟು ಕಡತಕ್ಕೆ ಸಹಿ ಹಾಕಿ ಬಿಸಾಕ್ತಿದ್ದೆ."

"ಅದರಲ್ಲಿ 'ಮರುಪರಿಶೀಲಿಸಿ ಮಂಡಿಸಿ' ಅಂತ ಬರೆದು ವಾಪಸ್ ಕಳಿಸಿದ್ದೆಷ್ಟು ಅಣ್ಣ?" ಅಂದ ಗುರು.

"ಅದಕ್ಕೂ ಸಹಿ ಹಾಕ್ಬೇಕಲ್ವೇನೋ!"