‘ರಿಚ್’, ‘ಲೀನ್’ ಮಿಶ್ರಣಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮಡಿಕೇರಿಯಲ್ಲಿ ಗ್ಯಾರೇಜ್ ಕೆಲಸ ಕಲಿಯುವ ಹುಡುಗರಿಗಾಗಿ ಕಾರಿನ ಇಂಜಿನ್ ಬಗ್ಗೆ ನಾಲ್ಕು ಪುಟ ಬರೆಯುತ್ತಿದ್ದೇನೆ. ಮನೆಯಲ್ಲಿ ಒಬ್ಬ ಕೊಡವ ತಕ್ಕ್ ಆಡುತ್ತಾನೆ, ಇನ್ನೊಬ್ಬ ಅರೆಭಾಷೆ, ಮತ್ತೊಬ್ಬ ಮಲಯಾಳ. ಓದುವುದು ಮಾತ್ರ ಎಲ್ಲರೂ ಕನ್ನಡವನ್ನೇ. ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಪೆಟ್ರೋಲ್ ಪೂರಾ ಉರಿಯಲು 1 ಕಿಲೋಗೆ ಸುಮಾರು 14.7 ಕಿಲೋ ಗಾಳಿ ಬೇಕು. ಪೆಟ್ರೋಲ್ ಅದಕ್ಕಿಂತ ಜಾಸ್ತಿಯಾದರೆ ‘ರಿಚ್’, ಕಮ್ಮಿಯಾದರೆ ‘ಲೀನ್’. ನಾನು ಮೊದಲು ‘ಸಮೃದ್ಧ’, ‘ಬಡ’ ಎಂದು ಬರೆದೆ. ಒಬ್ಬ ಹುಡುಗ ಓದಿ, “ಹಾಗಾದ್ರೆ ಸಮೃದ್ಧ ಮಾಡೋದೇ ಒಳ್ಳೇದಲ್ವಾ?” ಅಂದ. ತಪ್ಪು ಅವನದಲ್ಲ, ಪದದ್ದು.

ಮೈಲೇಜ್ ಬರಲಿ ಅಂತ ಪೆಟ್ರೋಲ್ ಪ್ರೆಷರ್ ಏರಿಸುವ ಆಸೆಯೂ ಇಂಥ ತಪ್ಪು ತಿಳಿವಳಿಕೆಯಿಂದಲೇ ಬರುತ್ತದೆ. ಎಷ್ಟೋ ಇಂಜೆಕ್ಷನ್ ಕಾರುಗಳಲ್ಲಿ ಈ ಪ್ರೆಷರ್ ಸುಮಾರು 3 ಬಾರ್. ರೆಗ್ಯುಲೇಟರ್ ಒಳಗಿನ ಸ್ಪ್ರಿಂಗ್ ಅದನ್ನು ಕಾಯುತ್ತದೆ. ಏರಿಸಿದರೆ ಇಂಜೆಕ್ಟರ್ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಪೆಟ್ರೋಲ್ ಚಿಮ್ಮಿಸುತ್ತದೆ. ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ಅದನ್ನು ಗುರುತಿಸುತ್ತದೆ. ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಆಗ ಇಂಜೆಕ್ಟರ್ ತೆರೆಯುವ ಹೊತ್ತನ್ನೇ ಇಳಿಸುತ್ತದೆ. ಲಾಭ ಏನೂ ಇಲ್ಲ. ಅದರ ಕೈಮೀರಿ ಏರಿಸಿದರೆ ಪೆಟ್ರೋಲ್ ಸುಮ್ನೆ ಹಾಳು, ಹೊಗೆ ಕಪ್ಪು. ಪ್ರೆಷರ್ ತೀರಾ ಬಿದ್ದರೆ ನಮ್ಮ ಘಾಟಿ ಏರುವಾಗ ಮಿಸ್ಸಿಂಗ್, ಅಂದರೆ ಇಂಜಿನ್ ತಡವರಿಸುತ್ತದೆ. ಕೆಟ್ಟ ಪ್ರೆಷರನ್ನು ಆ ಕಾರಿಗೆ ಹೇಳಿದ ಅಳತೆಗೆ ತಂದರೆ ಕಳೆದುಹೋದ ಮೈಲೇಜ್ ಮರಳಬಹುದು, ಅಷ್ಟೇ. ಇದನ್ನು ಹುಡುಗರಿಗೆ ಹೇಳಬೇಕಾದರೆ ಪದವೇ ದಾರಿ ತಪ್ಪಿಸಬಾರದು.

‘ಲೀನ್’ ಅಂತಲೇ ಇಡೋಣ ಅಂದರೆ ನಮ್ಮ ‘ಲೀನ’ ಅಡ್ಡ ಬರುತ್ತದೆ. ‘ಮಿಶ್ರಣ ಲೀನ್ ಆಗಿದೆ’ ಎಂದು ಓದಿದವರು, ಚೆನ್ನಾಗಿ ಬೆರೆತು ಒಂದಾಗಿದೆ ಅಂದುಕೊಳ್ಳುತ್ತಾರೆ. ‘ಗಟ್ಟಿ–ತೆಳು’ ಕಾಫಿ ಡಿಕಾಕ್ಷನ್‌ಗೆ ನಾವು ದಿನಾ ಆಡುವ ಜೋಡಿ. ಆದರೆ ‘ಗಟ್ಟಿ’ಯಲ್ಲೂ ಒಳ್ಳೆಯದು ಅನ್ನುವ ನೆರಳಿದೆ. ‘ಬೆರಕೆ’ಯಂತೂ ಬೇಡ, ಪೆಟ್ರೋಲ್ ಪಕ್ಕ ಬಂದರೆ ಅದು ಕಲಬೆರಕೆಯೇ.

ನನಗೆ ಹಿಡಿಸಿದ್ದು ‘ಹದ’. 14.7 ಅಂದರೆ ಹದ. ಎರಡು ಬದಿಗೂ ಹದ ತಪ್ಪಿದ್ದೇ. ಅಲ್ಲಿಂದ ‘ಪೆಟ್ರೋಲ್ ಮಿಕ್ಕಿದ ಮಿಶ್ರಣ’, ‘ಪೆಟ್ರೋಲ್ ಸಾಲದ ಮಿಶ್ರಣ’ ಎಂದು ಬರೆದಿದ್ದೇನೆ. ಅರ್ಥ ಸರಿ, ಆದರೆ ಬಾಯಲ್ಲಿ ಉದ್ದ.

ಹಳೆಯ ಇಂಜಿನ್‌ಗಳಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಕಾರ್ಬುರೇಟರ್‌ನ ತಿರುಪು ತಿರುಗಿಸಿ ಟ್ಯೂನ್ ಮಾಡುತ್ತಿದ್ದ ಹಳೆಯ ಮೆಕ್ಯಾನಿಕ್‌ಗಳು ನಿಮ್ಮ ಕಡೆ ಇದಕ್ಕೆ ಏನನ್ನುತ್ತಿದ್ದರು? ಕೇಳಿದ ನೆನಪಿದ್ದವರು ಊರಿನ ಹೆಸರಿನ ಜೊತೆ ದಯವಿಟ್ಟು ತಿಳಿಸಿ.