ಮಂಕೀಸ್ ನಿಜವಾದ ಬ್ಯಾಂಡಾ? ನಮ್ಮ ಮನೆ ಗುಂಪಿನ ಒಂದು ಭಾನುವಾರ

ಗುಂಪಿನ ಹೆಸರು ‘ಮನೆ ಮಂದಿ’. ಅಮ್ಮ, ಅಕ್ಕ, ಭಾವ, ಅಣ್ಣ, ಅಣ್ಣನ ಮಗಳು ಚಿನ್ನು, ಮತ್ತೆ ನಾನು. ಎಲ್ಲರನ್ನೂ ಕೇಳಿಯೇ ಇದನ್ನು ಇಲ್ಲಿ ಹಾಕುತ್ತಿದ್ದೇನೆ.

ಅಣ್ಣ (ಬೆಳಿಗ್ಗೆ 7.40): [ವಿಡಿಯೋ: ‘ದ ಮಂಕೀಸ್’ ಟೈಟಲ್]
ಪುಟ್ಟಿ, ಇದು ನೋಡು. ನ್ಯೂಜೆರ್ಸಿಯ ಎಡಿಸನ್ ಊರಿನ ಆ ಕೆಳಗಿನ ಮನೆ, ಹಳದಿ ಸೋಫಾ ನೆನಪಿದೆಯಾ?

ನಾನು: ಅಯ್ಯೋ ಅಣ್ಣ! ಶುರುವಾಗುತ್ತಿದ್ದ ಹಾಗೇ ಕಣ್ಣು ತುಂಬಿ ಬಂತು. ನೆಸ್ಮಿತ್ ತಲೆ ಮೇಲಿನ ಉಣ್ಣೆ ಟೋಪಿ ನೋಡು. ನನಗೂ ಅಂಥದ್ದೇ ಬೇಕು ಅಂತ ಅಮ್ಮನ ಹತ್ತಿರ ಹಟ ಮಾಡಿದ್ದೆ.

ಅಮ್ಮ: ಹೆಣೆದು ಕೊಟ್ಟಿದ್ದೆ. ಹಸಿರು ಉಣ್ಣೆ ಸಿಗಲಿಲ್ಲ, ನೀಲಿಯಲ್ಲಿ ಹೆಣೆದೆ.

ಚಿನ್ನು: ಇವರು ಯಾರು ಅತ್ತೆ?

ನಾನು: ಅಮೆರಿಕದ ಎನ್‌ಬಿಸಿ ಟಿವಿಯಲ್ಲಿ 1966ರ ಸೆಪ್ಟೆಂಬರ್‌ನಿಂದ 1968ರ ಮಾರ್ಚ್‌ವರೆಗೆ ಬಂದ ಷೋ ಚಿನ್ನು. ಒಟ್ಟು 58 ಕಂತು. ನಾಲ್ಕು ಹುಡುಗರ ಬ್ಯಾಂಡು. ಡೇವಿ ಜೋನ್ಸ್, ಮಿಕಿ ಡೋಲೆನ್ಜ್, ಮೈಕೆಲ್ ನೆಸ್ಮಿತ್, ಪೀಟರ್ ಟಾರ್ಕ್. ಕಡಲ ದಂಡೆಯ ಮನೆಯಲ್ಲಿ ಒಟ್ಟಿಗೆ ಇರುತ್ತಾರೆ. ಕೈಯಲ್ಲಿ ಕಾಸಿಲ್ಲ. ಮನೆ ಮಾಲೀಕ ಬಾಡಿಗೆ ಕೇಳಿಕೊಂಡು ಬರುತ್ತಾನೆ. ಇವರು ಹಾಡುತ್ತಾ, ಓಡುತ್ತಾ ಏನೇನೋ ಫಜೀತಿಗೆ ಸಿಕ್ಕಿಕೊಳ್ಳುತ್ತಾರೆ. ನಾವು ನೋಡಿದ್ದು 20 ವರ್ಷ ಆದ ಮೇಲೆ. 1986ರ ಫೆಬ್ರವರಿಯಲ್ಲಿ ಒಂದು ಭಾನುವಾರ ಎಂಟಿವಿ ಅನ್ನುವ ಕೇಬಲ್ ಚಾನೆಲ್ ಕಂತಿನ ಮೇಲೆ ಕಂತು ಹಾಕಿತು. ಮತ್ತೆ ದೇಶದ ತುಂಬಾ ಮಕ್ಕಳಿಗೆ ಇವರ ಹುಚ್ಚು ಹಿಡಿಯಿತು. ನನಗೆ ಆಗ 9 ವರ್ಷ, ನಿಮ್ಮಪ್ಪನಿಗೆ 12. ಮೈಸೂರು ಬಿಟ್ಟು ನ್ಯೂಜೆರ್ಸಿಗೆ ಹೋಗಿ ಎರಡು ವರ್ಷ ಆಗಿತ್ತು. ನಮ್ಮ ಮನೆಯಲ್ಲಿ ಕೇಬಲ್ ಇರಲಿಲ್ಲ. ಕೆಳಗಿನ ಮನೆಯ ಅಜ್ಜಿ ನಮ್ಮಿಬ್ಬರನ್ನೂ ಕರೆದು ಕೂರಿಸಿಕೊಂಡರು.

ಭಾವ (8.15): ಇದು ಆ ನಕಲಿ ಬ್ಯಾಂಡ್ ಅಲ್ವಾ? ನಮ್ಮ ಸಂಗೀತದ ಗುಂಪಿನಲ್ಲಿ ಯಾವಾಗಲೋ ಬಂದಿತ್ತು. ತಡಿ, ಹುಡುಕುತ್ತೇನೆ.

ಭಾವ: [ಫಾರ್ವರ್ಡ್] ಮಂಕೀಸ್ ತಂಡದ ನಾಲ್ವರಿಗೂ ಒಂದು ವಾದ್ಯವೂ ಬರುತ್ತಿರಲಿಲ್ಲ!! ಎಲ್ಲ ನಟನೆ!! ಕೊಲೆಗಾರ ಚಾರ್ಲ್ಸ್ ಮ್ಯಾನ್ಸನ್ ಕೂಡ ಇದರ ಆಡಿಷನ್‌ಗೆ ಬಂದಿದ್ದ!! ಎಲ್ಲರಿಗೂ ಕಳಿಸಿ.

ನಾನು: ಭಾವ, ಇದರಲ್ಲಿ ಎರಡು ಸುಳ್ಳಿದೆ. ಆಡಿಷನ್ ನಡೆದದ್ದು 1965ರಲ್ಲಿ. ಮ್ಯಾನ್ಸನ್ ಆಗ ಜೈಲಿನಲ್ಲಿದ್ದ, ಹೊರಗೆ ಬಂದದ್ದೇ 1967ರಲ್ಲಿ. ಇನ್ನು ವಾದ್ಯ ಬರುತ್ತಿರಲಿಲ್ಲ ಅನ್ನುವುದು. ನೆಸ್ಮಿತ್ ಮೊದಲಿನಿಂದಲೂ ಗಿಟಾರ್ ನುಡಿಸುತ್ತಾ ಹಾಡು ಬರೆಯುತ್ತಿದ್ದರು. ಟಾರ್ಕ್‌ಗೆ ಬ್ಯಾಂಜೋ, ಗಿಟಾರ್, ಪಿಯಾನೋ, ಬಾಸ್ ಗಿಟಾರ್ ಎಲ್ಲ ಬರುತ್ತಿತ್ತು. ಡ್ರಮ್ಸ್ ಹೊಸದಾಗಿ ಕಲಿತವರು ಡೋಲೆನ್ಜ್ ಒಬ್ಬರೇ. ಚಿಕ್ಕ ವಯಸ್ಸಿನಿಂದ ನಟ ಅವರು.

ಭಾವ: ಸರಿ, ಫಾರ್ವರ್ಡ್ ತಪ್ಪು. ಆದರೂ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ರೆಕಾರ್ಡಿನಲ್ಲಿ ನುಡಿಸಿದ್ದು ಯಾರು?

ನಾನು: ಮೊದಲ ಎರಡು ಆಲ್ಬಮ್‌ಗಳಲ್ಲಿ ಹೆಚ್ಚಾಗಿ ಬೇರೆ ಕಲಾವಿದರು. ಇವರು ಹಾಡಿದ್ದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಭಾವ: ಮತ್ತೆ? ಪೇಪರಿನಲ್ಲಿ ಜಾಹೀರಾತು ಕೊಟ್ಟು ನಾಲ್ಕು ಮುಖ ಆರಿಸಿದರು. ಹಾಡು ಬೇರೆಯವರು ಬರೆದರು. ವಾದ್ಯ ಬೇರೆಯವರು ನುಡಿಸಿದರು. ಇದನ್ನು ಬ್ಯಾಂಡ್ ಅಂತ ಹೇಗೆ ಕರೆಯುವುದು?

ಚಿನ್ನು: ಮಾವ, ಈಗಿನ ಕೊರಿಯಾದ ಗುಂಪುಗಳನ್ನೂ ಆಡಿಷನ್ ಮಾಡಿಯೇ ಆರಿಸುತ್ತಾರೆ. ವರ್ಷಗಟ್ಟಲೆ ತರಬೇತಿ ಕೊಟ್ಟು ಆಮೇಲೆ ಗುಂಪು ಮಾಡುತ್ತಾರೆ. ಯಾರೂ ಅದನ್ನು ಮುಚ್ಚಿಡುವುದಿಲ್ಲ.

ಅಣ್ಣ: ಆ ಜಾಹೀರಾತಿಗೆ 437 ಜನ ಬಂದಿದ್ದರಂತೆ ಭಾವ. ಸುಮ್ನೆ ಸಿಕ್ಕ ಕೆಲಸ ಅಲ್ಲ.

ಅಮ್ಮ (9.05): ನಾನೊಂದು ಕೇಳಲಾ? ನಮ್ಮ ಕಾಲದಲ್ಲಿ ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು. ಪರದೆ ಮೇಲೆ ರಾಜ್‌ಕುಮಾರ್ ಹಾಡಿದ ಹಾಗೇ ನಮಗೆ ಕಾಣುತ್ತಿತ್ತು. ನಕಲಿ ಅಂತ ಯಾರಾದರೂ ಅಂದರಾ?

ಅಣ್ಣ: ಅಮ್ಮಾ 👏👏

ಭಾವ: ಅತ್ತೆ, ನೀವು ಹೇಳುವುದು ಸರಿ. ಆದರೆ ಅಲ್ಲಿ ಪಿ.ಬಿ. ಶ್ರೀನಿವಾಸ್ ಹೆಸರು ಪರದೆ ಮೇಲೆ ಬರುತ್ತಿತ್ತು. ಇಡೀ ನಾಡಿಗೇ ಗೊತ್ತಿತ್ತು. ಇವರ ಮೊದಲ ರೆಕಾರ್ಡಿನ ಹೊದಿಕೆ ಈಗ ತೆಗೆದು ನೋಡಿದೆ. ನುಡಿಸಿದವರ ಹೆಸರು ಎಲ್ಲಿದೆ? ನಾನು 30 ವರ್ಷದಿಂದ ಮೃದಂಗ ನುಡಿಸುತ್ತಿದ್ದೇನೆ. ಒಂದು ಸಲ ಒಂದು ಸಭೆಯವರು ಆಮಂತ್ರಣದಲ್ಲಿ ನನ್ನ ಹೆಸರು ಬಿಟ್ಟು ‘ಮತ್ತು ಪಕ್ಕವಾದ್ಯದವರು’ ಅಂತ ಹಾಕಿದ್ದರು. ಆ ಕಾರ್ಡ್ ಇನ್ನೂ ನನ್ನ ಹತ್ತಿರ ಇದೆ. ನಾಲ್ಕು ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಹಿಂದೆ ಕೂತು ನುಡಿಸಿದವರನ್ನು ಯಾರೂ ನೆನೆಯುವುದಿಲ್ಲವಲ್ಲ ಅನ್ನುವುದೇ ನನ್ನ ಮಾತು.

ನಾನು ಈ ಮೆಸೇಜಿಗೆ ಅರ್ಧ ಗಂಟೆ ಉತ್ತರ ಬರೆಯಲಿಲ್ಲ. ದೋಸೆ ಹುಯ್ಯುತ್ತಾ ಅದನ್ನೇ ಯೋಚಿಸಿದೆ.

ನಾನು (9.50): ಭಾವ, ನಿಮ್ಮ ಮಾತು ಒಪ್ಪಿದೆ. ಹೆಸರು ಹಾಕದೇ ಇದ್ದದ್ದು ತಪ್ಪು. ಆದರೆ ಆ ತಪ್ಪನ್ನು ಮೊದಲು ಬಾಯಿ ಬಿಟ್ಟು ಹೇಳಿದ್ದು ಯಾರು ಗೊತ್ತಾ? ನೆಸ್ಮಿತ್ ತಾವೇ. ಅವರ ಎರಡನೇ ಆಲ್ಬಮ್ 1967ರ ಜನವರಿಯಲ್ಲಿ ಬಂತು. ಅದು ಬರುತ್ತಿರುವುದೇ ಈ ನಾಲ್ವರಿಗೆ ಗೊತ್ತಿರಲಿಲ್ಲ. ಊರೂರು ಸುತ್ತಿ ಕಛೇರಿ ಕೊಡುತ್ತಿದ್ದರು. ಅಂಗಡಿಯಲ್ಲಿ ನೋಡಿ ಕೊಂಡುಕೊಳ್ಳಬೇಕಾಯಿತು. ಅದೇ ತಿಂಗಳು ಪತ್ರಿಕೆಯೊಂದರಲ್ಲಿ ನೆಸ್ಮಿತ್ ಮಾತು ಅಚ್ಚಾಯಿತು. ನಮ್ಮನ್ನು ಯಾರೋ ತಯಾರು ಮಾಡಿದ್ದಾರೆ, ರೆಕಾರ್ಡಿನಲ್ಲಿ ನುಡಿಸುತ್ತಿರುವುದು ನಾವಲ್ಲ, ಇದನ್ನು ಎಲ್ಲರಿಗೂ ಹೇಳಿ ಅಂತ. ದೇಶದಲ್ಲೇ ಎಲ್ಲಕ್ಕಿಂತ ಜಾಸ್ತಿ ಮಾರಾಟವಾಗುತ್ತಿದ್ದ ಹೊತ್ತಿನಲ್ಲಿ ಹೇಳಿದ್ದು! ಸುಮ್ಮನಿದ್ದಿದ್ದರೆ ದುಡ್ಡು ಬರುತ್ತಲೇ ಇರುತ್ತಿತ್ತು.

ನಾನು: ಸಂಗೀತದ ಉಸ್ತುವಾರಿ ಡಾನ್ ಕಿರ್ಷ್ನರ್ ಅವರದು. ಯಾವ ಹಾಡು, ಯಾರು ನುಡಿಸಬೇಕು ಎಲ್ಲ ಅವರದೇ ತೀರ್ಮಾನ. ಬೆವರ್ಲಿ ಹಿಲ್ಸ್ ಹೋಟೆಲ್‌ನಲ್ಲಿ ಮಾತುಕತೆ ಆಯಿತು. ಕರಾರು ನೆನಪಿರಲಿ ಅಂತ ಕಿರ್ಷ್ನರ್ ಕಡೆಯವರು ಎಚ್ಚರಿಸಿದಾಗ ನೆಸ್ಮಿತ್ ಗೋಡೆಗೆ ಗುದ್ದಿದರು, ಗೋಡೆ ತೂತಾಯಿತು. ಕೆಲವು ವಾರಗಳಲ್ಲೇ ಕಿರ್ಷ್ನರ್ ಕೆಲಸ ಹೋಯಿತು. ಆಮೇಲೆ ನಾಲ್ವರೂ ಸ್ಟುಡಿಯೋ ಸೇರಿಕೊಂಡು ತಾವೇ ನುಡಿಸಿ ‘ಹೆಡ್‌ಕ್ವಾರ್ಟರ್ಸ್’ ಆಲ್ಬಮ್ ಮಾಡಿದರು. ಬಾಸ್ ಮಾತ್ರ ಹೆಚ್ಚಾಗಿ ನಿರ್ಮಾಪಕ ಚಿಪ್ ಡಗ್ಲಸ್ ನುಡಿಸಿದ್ದು. 1967ರ ಮೇ ತಿಂಗಳಲ್ಲಿ ಬಂತು. ಒಂದು ವಾರ ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಮರುವಾರ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್’ ಬಂದು ಇದನ್ನು ಎರಡಕ್ಕೆ ಇಳಿಸಿತು. 11 ವಾರ ಎರಡರಲ್ಲೇ ನಿಂತಿತ್ತು.

ನಾನು: ಕಿರ್ಷ್ನರ್ ಆಮೇಲೆ ‘ದ ಆರ್ಚೀಸ್’ ಅನ್ನುವ ಕಾರ್ಟೂನ್ ಬ್ಯಾಂಡಿನ ಸಂಗೀತ ನೋಡಿಕೊಂಡರು. 1969ರಲ್ಲಿ ‘ಶುಗರ್ ಶುಗರ್’ ಮೊದಲ ಸ್ಥಾನಕ್ಕೆ ಬಂತು. ಬರೆದ ಚಿತ್ರಗಳು ಎದುರು ಮಾತಾಡುವುದಿಲ್ಲ. ಈ ನಾಲ್ವರು ಮಾತಾಡಿದರು. ನನಗೆ ಇವರ ಮೇಲೆ ಪ್ರೀತಿ ಅದಕ್ಕೇ ಭಾವ.

ಅಮ್ಮ: ರಾಜ್‌ಕುಮಾರ್ ಅವರೂ 1974ರಲ್ಲಿ ‘ಸಂಪತ್ತಿಗೆ ಸವಾಲ್’ ಆದ ಮೇಲೆ ತಮ್ಮ ಹಾಡು ತಾವೇ ಹಾಡಲು ಶುರು ಮಾಡಿದರು. ಗುಬ್ಬಿ ಕಂಪನಿಯ ನಾಟಕದಲ್ಲಿ ಹಾಡಿ ಬೆಳೆದವರು. ಗಂಟಲು ಮೊದಲಿನಿಂದಲೂ ಇತ್ತು.

ಭಾವ: ಒಂದು ವರ್ಷ ಡ್ರಮ್ಸ್ ಕಲಿತ ಆ ಡೋಲೆನ್ಜ್ ಒಂದು ಪೂರ್ತಿ ಆಲ್ಬಮ್‌ಗೆ ಬಾರಿಸಿದರಾ?

ಅಣ್ಣ: ಹೌದು ಭಾವ. ಅದಕ್ಕೂ ಮೊದಲೇ ವೇದಿಕೆ ಮೇಲೆ ಬಾರಿಸಿದ್ದರು. 1966ರ ಡಿಸೆಂಬರ್‌ನಲ್ಲಿ ಹೊನೊಲುಲುವಿನಲ್ಲಿ ಮೊದಲ ಕಛೇರಿ. ಅಲ್ಲಿ ಬೇರೆಯವರನ್ನು ಬಚ್ಚಿಡಲು ಆಗುತ್ತದಾ?

ನಾನು: ಮತ್ತೆ ಆ ಕಾಲದಲ್ಲಿ ಬರೀ ಇವರೇ ಹೀಗೆ ಮಾಡಿದ್ದಲ್ಲ. 1965ರಲ್ಲಿ ಬರ್ಡ್ಸ್ ತಂಡದ ‘ಮಿಸ್ಟರ್ ಟ್ಯಾಂಬರಿನ್ ಮ್ಯಾನ್’ ಹಾಡು ಬಂತಲ್ಲ, ಅದರಲ್ಲೂ ತಂಡದವರ ಪೈಕಿ ವಾದ್ಯ ನುಡಿಸಿದ್ದು ಮೆಗ್ವಿನ್ ಒಬ್ಬರೇ. ಉಳಿದವರು ಸ್ಟುಡಿಯೋ ಕಲಾವಿದರು. ಅವರನ್ನು ಯಾರೂ ನಕಲಿ ಅನ್ನಲಿಲ್ಲ. ಟಿವಿಯಲ್ಲಿ ಮಕ್ಕಳಿಗಾಗಿ ಬಂದರು ಅಂತ ಇವರಿಗೆ ಮಾತ್ರ ಆ ಹೆಸರು ಅಂಟಿತು.

ಅಕ್ಕ (10.30): ಇಷ್ಟು ಹೊತ್ತು ಓದುತ್ತಿದ್ದೆ. ಒಂದು ಮಾತು ಹೇಳಲೇಬೇಕು. ನನಗೆ ಆ ಷೋ ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನನಗೆ ಆಗ 14 ವರ್ಷ. ನಿಮ್ಮಿಬ್ಬರ ಹಾಗೆ ಟಿವಿ ಮುಂದೆ ಕೂರುವ ವಯಸ್ಸಲ್ಲ. ಶಾಲೆಯಲ್ಲಿ ನನ್ನ ಊಟದ ಡಬ್ಬಿ ತೆಗೆದರೆ ಮೂಗು ಮುಚ್ಚಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದರು. ಅಮ್ಮ ಕೆಲಸ ಮುಗಿಸಿ ಬರುವ ಹೊತ್ತಿಗೆ ಕತ್ತಲಾಗುತ್ತಿತ್ತು. ಅನ್ನಕ್ಕೆ ಇಡುತ್ತಿದ್ದದ್ದು ನಾನು. ಕೆಳಗಿನಿಂದ ನಿಮ್ಮ ನಗು ಕೇಳುತ್ತಿತ್ತು. ಚೆನ್ನಾಗಿತ್ತು ಚೆನ್ನಾಗಿತ್ತು ಅಂತೀರಲ್ಲ, ಏನು ಚೆನ್ನಾಗಿತ್ತು?

ಅಣ್ಣ: ಅಕ್ಕ...

ನಾನು: ಅಕ್ಕ, ನಾನು ಅದನ್ನು ಮರೆತಿಲ್ಲ. ನನ್ನ ತರಗತಿಯಲ್ಲಿ ಒಬ್ಬಳೂ ನನ್ನ ಪಕ್ಕ ಕೂರುತ್ತಿರಲಿಲ್ಲ. ನಿನಗೆ ಹೇಳಿರಲಿಲ್ಲ, ನಿನಗೇ ಬೇಕಾದಷ್ಟಿತ್ತು ಅಂತ. ಮಧ್ಯಾಹ್ನ ಮೂರೂವರೆಗೆ ಬಸ್ ಇಳಿದರೆ ಆ ಸೋಫಾ ಕಾಯುತ್ತಿತ್ತು. ಟಿವಿಯಲ್ಲಿ ನಾಲ್ಕು ಹುಡುಗರು, ಮನೆಯಲ್ಲಿ ದೊಡ್ಡವರು ಯಾರೂ ಇಲ್ಲ, ದುಡ್ಡಿಲ್ಲ. ಒಬ್ಬನ ಉಚ್ಚಾರಣೆಯಂತೂ ಬೇರೆಯೇ. ಡೇವಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನವರು. ಆ ಮನೆಯಲ್ಲಿ ಅವರನ್ನು ಯಾರೂ ಬೇರೆ ಮೇಜಿಗೆ ಕಳಿಸಲಿಲ್ಲ. ಅಷ್ಟು ನೋಡಿದರೆ ನನಗೆ ಮರುದಿನ ಶಾಲೆಗೆ ಹೋಗುವ ಧೈರ್ಯ ಬರುತ್ತಿತ್ತು. ನೀನು ಮೇಲೆ ಅನ್ನಕ್ಕೆ ಇಡುತ್ತಿದ್ದೆ ಅನ್ನುವುದು ಆಗ ನನ್ನ ತಲೆಗೆ ಹೋಗಿರಲಿಲ್ಲ ಅಕ್ಕ. ನಿನ್ನನ್ನೂ ಕರೆಯಬೇಕಿತ್ತು.

ಅಮ್ಮ: ನಾನೂ ನೋಡಬೇಕಿತ್ತು ನಿನ್ನ ಕಷ್ಟ. ಸಂಜೆ ಬಂದಾಗ ನೀನು ಏನೂ ಹೇಳುತ್ತಿರಲಿಲ್ಲ ಮಗಳೇ.

ಅಕ್ಕ: ಬಿಡಮ್ಮ. ನೀನು ದಿನವಿಡೀ ಟೈಪ್ ಮಾಡಿ ಬೆರಳು ನೋವು ಅಂತ ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂರುತ್ತಿದ್ದೆ.

ನಾನು: ಅಮ್ಮ, ನಿನ್ನ ಆಫೀಸಿನ ಮೇಜಿನ ಮೇಲೆ ಒಂದು ಪುಟ್ಟ ಬಾಟಲಿ ಇರುತ್ತಿತ್ತಲ್ಲ, ತಪ್ಪಾದ ಅಕ್ಷರದ ಮೇಲೆ ಬಳಿಯುವ ಬಿಳಿ ಬಣ್ಣ?

ಅಮ್ಮ: ಲಿಕ್ವಿಡ್ ಪೇಪರ್. ಅದಿಲ್ಲದೆ ಕೆಲಸವೇ ಆಗುತ್ತಿರಲಿಲ್ಲ.

ನಾನು: ಅದನ್ನು ಕಂಡುಹಿಡಿದದ್ದು ನೆಸ್ಮಿತ್ ಅವರ ತಾಯಿ ಬೆಟ್ ನೆಸ್ಮಿತ್ ಗ್ರಹಾಂ. ಡಲ್ಲಾಸ್‌ನ ಒಂದು ಬ್ಯಾಂಕಿನಲ್ಲಿ ಟೈಪ್ ಮಾಡುತ್ತಿದ್ದರು. ಗಂಡ ಜೊತೆಗಿಲ್ಲ, ಒಬ್ಬನೇ ಮಗ. ಅಡುಗೆ ಮನೆಯಲ್ಲಿ ಬಣ್ಣ ಕಲೆಸುತ್ತಿದ್ದರು. ಮಗ ಗೆಳೆಯರ ಜೊತೆ ಕೂತು ಬಾಟಲಿಗೆ ತುಂಬುತ್ತಿದ್ದ. 1979ರಲ್ಲಿ ಜಿಲೆಟ್ ಕಂಪನಿ ಅದನ್ನು 4.75 ಕೋಟಿ ಡಾಲರಿಗೆ ಕೊಂಡಿತು.

ಅಮ್ಮ: ಹೌದಾ! ಆ ಟೋಪಿ ಹುಡುಗನ ತಾಯಿಯಾ? ನೀನು ಇಷ್ಟು ವರ್ಷ ಹೇಳಲೇ ಇಲ್ಲ. ಪಾಪ, ಅವರೂ ಟೈಪಿಸ್ಟ್.

ಚಿನ್ನು: ಅಜ್ಜಿ, ನಿಮ್ಮ ಹಾಗೆ ❤️ ಅತ್ತೆ, ಅವರೆಲ್ಲ ಈಗ ಎಲ್ಲಿದ್ದಾರೆ?

ಅಣ್ಣ: ಡೇವಿ 2012ರ ಫೆಬ್ರವರಿ 29ಕ್ಕೆ ಹೋದರು. ಪೀಟರ್ 2019ರಲ್ಲಿ. ನೆಸ್ಮಿತ್ 2021ರ ಡಿಸೆಂಬರ್‌ನಲ್ಲಿ. ಉಳಿದವರು ಮಿಕಿ ಒಬ್ಬರೇ. ಡೇವಿ ಹೋದ ಸುದ್ದಿ ಬಂದಾಗ ಬೆಳಗಿನ ಜಾವ ನಿಮ್ಮತ್ತೆಗೆ ಫೋನ್ ಮಾಡಿದ್ದೆ. ಇಬ್ಬರೂ ಏನೂ ಮಾತಾಡಲಿಲ್ಲ. ಲೈನ್ ಇಟ್ಟುಕೊಂಡು ಸುಮ್ನೆ ಕೂತಿದ್ದೆವು.

ಭಾವ: ಆ ಆಲ್ಬಮ್ ಹೆಸರು ಇನ್ನೊಂದು ಸಲ ಹೇಳು.

ನಾನು: ಹೆಡ್‌ಕ್ವಾರ್ಟರ್ಸ್.

ಮಧ್ಯಾಹ್ನ ಗುಂಪು ಮೌನವಾಗಿತ್ತು. ಅಮ್ಮ ಮಾವಿನಕಾಯಿ ಚಿತ್ರಾನ್ನದ ಫೋಟೋ ಹಾಕಿದರು, ಅಷ್ಟೇ.

ಭಾವ (ಸಂಜೆ 6.20): ಪೂರ್ತಿ ಕೇಳಿದೆ. ಎರಡು ಸಲ.

ಭಾವ: ಡೋಲೆನ್ಜ್ ಅವರ ಕೈ ಕೆಲವು ಕಡೆ ಓಡುತ್ತದೆ. ಇನ್ನು ಕೆಲವು ಕಡೆ ಮುಂದೆ ಏನು ಬಾರಿಸಲಿ ಅಂತ ಹುಡುಕುವುದು ಕೇಳಿಸುತ್ತದೆ. ಹೊಸದಾಗಿ ಕಲಿತವರ ಕೈ ಅದು. ನನ್ನ ಶಿಷ್ಯರಲ್ಲಿ ದಿನಾ ಕೇಳುತ್ತೇನೆ, ನನಗೆ ಗೊತ್ತಾಗುತ್ತದೆ. ಕಸುಬಿನ ಕಲಾವಿದರು ಹಾಗೆ ಬಾರಿಸುವುದಿಲ್ಲ. ನುಡಿಸಿದ್ದು ಅವರೇ.

ಅಣ್ಣ: ಭಾವ 🙏

ಭಾವ: ಕೊನೆಯಲ್ಲಿ ದೊಡ್ಡ ನಗಾರಿಯ ಹಾಗೆ ಒಂದು ಬರುತ್ತದಲ್ಲ, ಅದು ಯಾವ ಹಾಡು?

ನಾನು: ‘ರ್‍ಯಾಂಡಿ ಸ್ಕೌಸ್ ಗಿಟ್’. ಆ ವಾದ್ಯ ಟಿಂಪನಿ. ಅದನ್ನೂ ಮಿಕಿಯೇ ಬಾರಿಸಿದ್ದು, ಹಾಡು ಬರೆದದ್ದೂ ಅವರೇ. ಬ್ರಿಟನ್ನಿನಲ್ಲಿ ಆ ಹೆಸರು ಬೈಗುಳದ ಹಾಗೆ ಕೇಳುತ್ತದೆ ಅಂತ ಅಲ್ಲಿ ‘ಆಲ್ಟರ್ನೇಟ್ ಟೈಟಲ್’ ಅಂತ ಬಿಡುಗಡೆ ಮಾಡಿದರು.

ಭಾವ: ಅದನ್ನೇ ಇನ್ನೊಂದು ಸಲ ಹಾಕುತ್ತೇನೆ. ನಿಮ್ಮ ಅಕ್ಕ ಅಡುಗೆ ಮನೆಯಿಂದ ಬಂದು ಪಕ್ಕ ಕೂತಿದ್ದಾಳೆ.